ಉಪ್ಪಿನತ್ತ ನಡೆಯುವ ನೀರು



ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳು ಉಪ್ಪುನೀರೂ ಸಿಹಿನೀರೂ ದಿನಕ್ಕೆರಡು ಬಾರಿ ಮುಖಾಮುಖಿಯಾಗುವ ನೆಲ. ಕೊಲ್ಲೂರಿನ ಕಾಡು ಹಾದು ಬರುವ ಸೌಪರ್ಣಿಕೆ ಮರವಂತೆಯಲ್ಲಿ ಕಡಲಿಗೆ ತೀರ ಹತ್ತಿರ ಬರುತ್ತದೆ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಆದರೂ ಅಲ್ಲಿ ಕಡಲು ಸೇರದೆ ತೆಂಕಣಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆಯ ತನಕ ಹರಿಯುತ್ತದೆ. ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳೂ ಬಂದು ಕೂಡುವ ಆ ಜಾಗವನ್ನು ಪಂಚಗಂಗಾವಳಿ ಎನ್ನುತ್ತೇವೆ. ಬ್ರಹ್ಮಾವರದ ಕಡೆ ಸೀತಾನದಿ, ಸ್ವರ್ಣಾನದಿಗಳು ಕೋಡಿಬೆಂಗ್ರೆಯ ಹತ್ತಿರ ಕಡಲಿಗೆ ಇಳಿಯುತ್ತವೆ. ಮಳೆಗಾಲದಲ್ಲಿ ಹೊಳೆಯ ಕೈ ಮೇಲು, ಅಳಿವೆಯ ತನಕವೂ ಸಿಹಿನೀರು. ಮಳೆ ನಿಂತು ಹೊಳೆ ಸೊರಗಿದ ಮೇಲೆ ಭರತದ ನೀರು ಮೈಲಿಗಟ್ಟಲೆ ಒಳಗೆ ನುಗ್ಗುತ್ತದೆ.

ಇಂಥ ನೆಲದಲ್ಲಿ ಬದುಕುವವರು ಚೆನ್ನಾಗಿ ಅರಿತಿರಬೇಕಾದ ಜೀವಕೋಶ ವಿಜ್ಞಾನದ ಒಂದು ಪದ ಇದೆ: ಅಭಿಸರಣೆ. ಇಂಗ್ಲಿಷಿನಲ್ಲಿ ಓದಿದವರು ಆಸ್ಮಾಸಿಸ್ ಎಂದು ಹೇಳುವುದು ಇದನ್ನೇ. ಪ್ರೌಢಶಾಲೆಯಲ್ಲಿ ಇದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತವರು ಬಹಳ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು. ನಮ್ಮ ಗದ್ದೆ, ನಮ್ಮ ಹೊಳೆ, ನಮ್ಮ ಅಡುಗೆಮನೆ, ನಮ್ಮ ಮಕ್ಕಳ ಆರೋಗ್ಯ ಎಲ್ಲದರಲ್ಲೂ ಈ ಪದದ ಕೆಲಸ ನಡೆದೇ ಇದೆ. ಅದರ ಅರ್ಥ ಸರಿಯಾಗಿ ತಿಳಿದರೆ ಬೆಳೆ ಉಳಿಸಬಹುದು, ಕೆಲವೊಮ್ಮೆ ಜೀವವನ್ನೂ ಉಳಿಸಬಹುದು.

ಮೊದಲು ಅರ್ಥ ನೋಡೋಣ. ಗಿಡವಾಗಲಿ, ಮೀನಾಗಲಿ, ಮನುಷ್ಯನಾಗಲಿ, ಎಲ್ಲರ ಮೈಯೂ ಜೀವಕೋಶಗಳಿಂದ ಆದದ್ದು. ಪ್ರತಿ ಜೀವಕೋಶದ ಸುತ್ತ ಒಂದು ತೆಳುವಾದ ಪೊರೆ ಇದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಏಳೆಂಟು ಪಾಲಿನಷ್ಟೇ ಈ ಪೊರೆಯ ದಪ್ಪ. ಬಲೆಯ ಕಣ್ಣಿನಲ್ಲಿ ನೀರು ನುಸುಳಿ ಮೀನು ಉಳಿಯುವ ಹಾಗೆ, ಈ ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ. ಉಪ್ಪು, ಸಕ್ಕರೆಯಂಥ ಕರಗಿದ ವಸ್ತುಗಳನ್ನು ಮಾತ್ರ ಹಾಗೆ ಬಿಡುವುದಿಲ್ಲ. ಅದಕ್ಕೇ ಇದನ್ನು ಆಯ್ಕೆ ಪಾರಕ ಪೊರೆ ಎನ್ನುತ್ತಾರೆ. ಪೊರೆಯ ಒಂದು ಬದಿಯಲ್ಲಿ ಕರಗಿದ ವಸ್ತು ಕಡಿಮೆ, ಇನ್ನೊಂದು ಬದಿಯಲ್ಲಿ ಹೆಚ್ಚು ಇದೆ ಎನ್ನಿ. ಆಗ ಕರಗಿದ ವಸ್ತು ಕಡಿಮೆ ಇರುವ ಬದಿಯಿಂದ ಹೆಚ್ಚು ಇರುವ ಬದಿಗೆ ನೀರು ಹೋಗುತ್ತದೆ. ಉಪ್ಪು ದಾಟಲಾರದು, ನೀರೇ ಉಪ್ಪಿನತ್ತ ನಡೆಯುತ್ತದೆ. ಈ ನಡಿಗೆಯೇ ಅಭಿಸರಣೆ.

ಇಲ್ಲೊಂದು ಸೂಕ್ಷ್ಮ ಇದೆ. ನೀರಿನ ಕಣಗಳು ಪೊರೆಯ ಎರಡೂ ದಿಕ್ಕಿಗೆ ಓಡಾಡುತ್ತಲೇ ಇರುತ್ತವೆ. ಒಂದು ದಿಕ್ಕಿಗೆ ಹೋದದ್ದು ಹೆಚ್ಚು, ತಿರುಗಿ ಬಂದದ್ದು ಕಡಿಮೆ, ಅಷ್ಟೇ. ಒಟ್ಟು ಲೆಕ್ಕದಲ್ಲಿ ನೀರು ಉಪ್ಪಿನ ಬದಿಗೆ ಸೇರಿತು ಎಂದು ನಾವು ಹೇಳುತ್ತೇವೆ.

ಅಡುಗೆಮನೆಗೆ ಬನ್ನಿ. ಬೇಸಗೆಯ ಮೊದಲಲ್ಲಿ ಮಾವಿನ ಮಿಡಿ ತಂದು, ತೊಳೆದು, ನೀರಾರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು ಹಾಕಿ ಇಡುತ್ತೇವೆ. ನಾವು ಒಂದು ಹನಿ ನೀರನ್ನೂ ಹಾಕುವುದಿಲ್ಲ. ಕೆಲವೇ ದಿನಗಳಲ್ಲಿ ಮಿಡಿ ಮುರುಟಿ, ಭರಣಿಯ ತುಂಬ ನೀರು ನಿಂತಿರುತ್ತದೆ. ಆ ನೀರೆಲ್ಲ ಮಿಡಿಯ ಜೀವಕೋಶಗಳ ಒಳಗಿದ್ದದ್ದು. ಹೊರಗಿನ ಉಪ್ಪು ಅಷ್ಟು ಬಲವಾಗಿದ್ದುದರಿಂದ ಕೋಶದೊಳಗಿನ ನೀರು ಪೊರೆ ದಾಟಿ ಹೊರಗೆ ಬಂತು. ಸಸ್ಯದ ಕೋಶಕ್ಕೆ ಪೊರೆಯ ಹೊರಗೆ ಗಟ್ಟಿಯಾದ ಕೋಶಭಿತ್ತಿಯೂ ಇರುತ್ತದೆ. ನೀರು ಹೋದಾಗ ಭಿತ್ತಿ ಇದ್ದಲ್ಲೇ ಇದ್ದು, ಒಳಗಿನ ಪೊರೆ ಮಾತ್ರ ಕುಗ್ಗಿ ಭಿತ್ತಿಯಿಂದ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಪ್ಲಾಸ್ಮಾಲಿಸಿಸ್ ಎಂದು ಹೆಸರು.

ಅದೇ ಉಪ್ಪು ಮಿಡಿಯನ್ನು ಕೆಡಿಸಬಲ್ಲ ಸೂಕ್ಷ್ಮಜೀವಿಗಳ ನೀರನ್ನೂ ಹಾಗೆಯೇ ಹೊರಗೆಳೆದು, ಅವು ಬೆಳೆಯದ ಹಾಗೆ ಮಾಡುತ್ತದೆ. ಹಲಸಿನ ಉಪ್ಪು ಸೊಳೆ ಮಳೆಗಾಲದ ತನಕ ಉಳಿಯುವುದು ಹೀಗೆ. ಗಂಗೊಳ್ಳಿಯಲ್ಲಿ, ಮರವಂತೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನು ತಿಂಗಳುಗಟ್ಟಲೆ ಬರುವುದಕ್ಕೂ ಬಿಸಿಲಿನಷ್ಟೇ ಅಭಿಸರಣೆ ಕಾರಣ. ಹಾಗಾಗಿ ಉಪ್ಪಿನಲ್ಲಿ ಹಾಕುವಾಗ ಉಪ್ಪಿಗೆ ಜಿಪುಣತನ ಮಾಡಿದರೆ ಪದಾರ್ಥ ಕೆಡುತ್ತದೆ ಎಂದು ನಮ್ಮ ಅಮ್ಮಂದಿರು ಹೇಳುವ ಮಾತು ಪೂರ್ತಿ ಸತ್ಯ. ನೀರನ್ನು ಹೊರಗೆಳೆಯುವಷ್ಟು ಬಲ ಆ ಉಪ್ಪಿಗೆ ಇರಲೇಬೇಕು. ಕೊಡಚಾದ್ರಿ ಹತ್ತುವವರು ಕಾಲಿಗೆ ಕಚ್ಚಿದ ಉಂಬಳದ ಮೇಲೆ ಉಪ್ಪು ಉದುರಿಸಿದಾಗ ಅದು ನೀರು ಬಿಟ್ಟು ಬೀಳುವುದೂ ಇದರಿಂದಲೇ.

ಇದರ ತದ್ವಿರುದ್ಧವೂ ಉಂಟು. ಬಾಡಿದ ಬಸಳೆ ಕಟ್ಟನ್ನು ತಣ್ಣೀರಿನಲ್ಲಿ ಇಟ್ಟರೆ ಎಲೆ ಮತ್ತೆ ಬಿಗಿಯಾಗುತ್ತದೆ. ಅಲ್ಲಿ ಕೋಶದ ಒಳಗೆ ಕರಗಿದ ವಸ್ತು ಹೆಚ್ಚು, ಹೊರಗೆ ಬರಿಯ ನೀರು. ನೀರು ಒಳಗೆ ಹೋಗಿ, ಕೋಶ ಉಬ್ಬಿ, ಭಿತ್ತಿಗೆ ಒತ್ತಿ ನಿಲ್ಲುತ್ತದೆ. ಎಳೆಯ ಗಿಡ ನೆಟ್ಟಗೆ ನಿಲ್ಲುವುದು ಈ ಒಳಗಿನ ಒತ್ತಡದ ಬಲದಿಂದ. ನಾಚಿಕೆಮುಳ್ಳಿನ ಎಲೆ ಮುಟ್ಟಿದೊಡನೆ ಮುದುಡುತ್ತದಲ್ಲ, ಅಲ್ಲಿ ಎಲೆಯ ಬುಡದಲ್ಲಿರುವ ಉಬ್ಬಿನ ಕೋಶಗಳಿಂದ ಲವಣ ಹೊರಗೆ ಹೋಗುತ್ತದೆ, ಅದರ ಬೆನ್ನಿಗೇ ನೀರೂ ಹೋಗುತ್ತದೆ. ಒತ್ತಡ ಇಳಿದು ಎಲೆ ಮಡಚಿಕೊಳ್ಳುತ್ತದೆ.

ಈ ಸಂಗತಿ ವಿಜ್ಞಾನಕ್ಕೆ ತಿಳಿದ ಬಗೆಯನ್ನೂ ಚಿಕ್ಕದಾಗಿ ಹೇಳುತ್ತೇನೆ. 1748ರಲ್ಲಿ ಫ್ರಾನ್ಸಿನ ಝಾಂ ಆಂಟ್ವಾನ್ ನೊಲ್ಲೆ ಎಂಬ ಪಾದ್ರಿ ಒಂದು ಪಾತ್ರೆಗೆ ಮದ್ಯಸಾರ ತುಂಬಿ, ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆ ಬಿಗಿದು, ನೀರಿನಲ್ಲಿ ಇಟ್ಟ. ಪೊರೆ ಹೊರಗೆ ಉಬ್ಬಿತು. ನೀರು ತಾನಾಗಿ ಒಳಗೆ ಬಂದಿತ್ತು. 1820ರ ದಶಕದಲ್ಲಿ ಅದೇ ದೇಶದ ಆನ್ರಿ ದ್ಯುತ್ರೋಶೆ ಇದು ಸಸ್ಯ, ಪ್ರಾಣಿಗಳ ಮೈಯಲ್ಲಿ ನಡೆಯುವ ಮುಖ್ಯ ಕ್ರಿಯೆ ಎಂದು ಗುರುತಿಸಿ ಹೆಸರಿಟ್ಟ. 1877ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೆಫರ್ ಮಣ್ಣಿನ ಕುಡಿಕೆಯಲ್ಲಿ ಕೃತಕ ಪೊರೆ ಮೂಡಿಸಿ ಈ ನೀರಿನ ಒತ್ತಡವನ್ನು ಅಳೆದ. ಆ ಅಳತೆಗಳನ್ನು ಸೂತ್ರಕ್ಕೆ ಇಳಿಸಿದ ವಾಂಟ್ ಹಾಫ್ ಎಂಬ ಡಚ್ ವಿಜ್ಞಾನಿಗೆ 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ಬಂತು. ನೀರು ಅಷ್ಟು ಬೇಗ ಪೊರೆಯನ್ನು ದಾಟುವುದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು. ಅಮೆರಿಕದ ಪೀಟರ್ ಆಗ್ರೆ 1990ರ ಸುಮಾರಿಗೆ ಕೆಂಪು ರಕ್ತಕಣದ ಪೊರೆಯಲ್ಲಿ ನೀರಿಗೆಂದೇ ಇರುವ ಪ್ರೋಟೀನಿನ ಕಿಂಡಿಗಳನ್ನು ಕಂಡುಹಿಡಿದರು. ಅಂಥ ಒಂದು ಕಿಂಡಿಯಲ್ಲಿ ಸೆಕೆಂಡಿಗೆ ನೂರಾರು ಕೋಟಿ ನೀರಿನ ಅಣುಗಳು ಹಾದುಹೋಗಬಲ್ಲವು. ಅವರಿಗೆ 2003ರ ನೊಬೆಲ್ ಸಂದಿತು.

ಇನ್ನು ಈ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ವಿಚಾರ. ಅಭಿಸರಣೆ ಎನ್ನಬೇಕಾದರೆ ಎರಡು ಸಂಗತಿ ಇರಲೇಬೇಕು: ಆರಿಸಿ ಬಿಡುವ ಒಂದು ಪೊರೆ, ಅದನ್ನು ದಾಟುವ ನೀರು. ಕೋಣೆಯ ಮೂಲೆಯಲ್ಲಿ ಹಚ್ಚಿದ ಊದಿನಕಡ್ಡಿಯ ಪರಿಮಳ ಮನೆಯೆಲ್ಲ ಹರಡುವುದು, ನೀರಿಗೆ ಬಿದ್ದ ಶಾಯಿಯ ಹನಿ ಹಬ್ಬುವುದು ವಿಸರಣೆ. ಅಲ್ಲಿ ಪೊರೆ ಇಲ್ಲ. ವಸ್ತುವೇ ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡುತ್ತದೆ. ಮಕ್ಕಳು ಇವೆರಡನ್ನು ಬಹಳ ಸಲ ಒಂದು ಮಾಡಿಬಿಡುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ಕಡಲ ಬದಿಯ, ಹೊಳೆಬದಿಯ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಇದು ಅಭಿಸರಣೆಯಿಂದ ಆದದ್ದು ಎಂದು ಹೇಳುವವರು ಇದ್ದಾರೆ. ಅದು ತಪ್ಪು. ಮಣ್ಣು, ಮರಳು ಉಪ್ಪನ್ನು ತಡೆಯುವ ಪೊರೆಗಳಲ್ಲ. ಮೇಲಿನಿಂದ ಸಿಹಿನೀರಿನ ಒತ್ತಡ ಕಡಿಮೆಯಾದಾಗ, ನಾವು ಪಂಪು ಹಾಕಿ ಹೆಚ್ಚು ಹೆಚ್ಚು ಎತ್ತಿದಾಗ, ಉಪ್ಪುನೀರು ಉಪ್ಪಿನ ಸಮೇತ ನೆಲದಡಿಯಲ್ಲಿ ಒಳಗೆ ಸರಿಯುತ್ತದೆ. ಕಾರಣ ತಪ್ಪಾಗಿ ತಿಳಿದರೆ ಪರಿಹಾರವೂ ತಪ್ಪುತ್ತದೆ. ಆ ಬಾವಿ ಉಳಿಯಬೇಕಾದರೆ ಮಳೆನೀರು ನೆಲಕ್ಕೆ ಇಂಗಬೇಕು, ಪಂಪಿಗೆ ಮಿತಿ ಬೇಕು.

ಇನ್ನೊಂದು ಉದಾಹರಣೆ ನಮ್ಮ ನಟ್ಟಿಯ ಗದ್ದೆಯದು. ದಿನವಿಡೀ ಕೆಸರುನೀರಿನಲ್ಲಿ ಬಗ್ಗಿ ನೇಜಿ ನೆಡುವ ಹೆಂಗಸರ ಬೆರಳ ತುದಿ ಸುಕ್ಕುಗಟ್ಟುತ್ತದೆ. ಚರ್ಮದೊಳಗೆ ಅಭಿಸರಣೆಯಿಂದ ನೀರು ಸೇರಿ ಹೀಗಾಯಿತು ಎಂದು ಬಹಳ ಕಾಲ ಹೇಳುತ್ತಿದ್ದರು. ಆದರೆ ನರಕ್ಕೆ ಪೆಟ್ಟಾದ ಬೆರಳು ಎಷ್ಟು ಹೊತ್ತು ನೀರಿನಲ್ಲಿದ್ದರೂ ಹಾಗೆ ಸುಕ್ಕಾಗುವುದಿಲ್ಲ ಎಂದು ವೈದ್ಯರು ಕಂಡುಕೊಂಡರು. ನರಗಳ ಆಣತಿಯಂತೆ ಬೆರಳ ತುದಿಯ ರಕ್ತನಾಳಗಳು ಕುಗ್ಗುವುದೇ ಆ ಸುಕ್ಕಿಗೆ ಮುಖ್ಯ ಕಾರಣ. ಒಂದು ಪದದಿಂದ ಎಲ್ಲವನ್ನೂ ವಿವರಿಸಿಬಿಡುವ ಆತುರ ವಿಜ್ಞಾನಕ್ಕೆ ಒಗ್ಗದು.

ಈಗ ಗದ್ದೆಯ ಮಾತು. ನಮ್ಮಲ್ಲಿ ಬೆಟ್ಟು, ಮಜಲು, ಬೈಲು ಎಂದು ಗದ್ದೆಗಳ ವಿಂಗಡಣೆ. ಕಾರ್ತಿ, ಸುಗ್ಗಿ, ಕೊಳಕೆ ಎಂದು ಬೆಳೆಗಳ ವಿಂಗಡಣೆ. ಹೊಳೆಸಾಲಿನ ಬೈಲುಗದ್ದೆಗೆ ಕಾರ್ತಿಯಲ್ಲಿ ನೆರೆಯ ಭಯ, ಸುಗ್ಗಿ ಕೊಳಕೆಗಳಲ್ಲಿ ಉಪ್ಪಿನ ಭಯ. "ಗೆದ್ದಿಗ್ ಉಪ್ಪ್‌ನೀರ್ ಹೊಕ್ತ್, ನಟ್ಟಿ ಎಲ್ಲ ಸುಟ್ಟ್ ಹೋಯ್ತ್" ಎಂದು ರೈತರು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. ಗದ್ದೆಯ ತುಂಬ ನೀರು ನಿಂತಿದೆ, ಪೈರು ಮಾತ್ರ ಒಣಗುತ್ತಿದೆ. ನೋಡಿದವರಿಗೆ ವಿಚಿತ್ರ ಎನಿಸಬಹುದು. ಅಭಿಸರಣೆ ಗೊತ್ತಿದ್ದವರಿಗೆ ಕಾರಣ ತಿಳಿಯುತ್ತದೆ. ಭತ್ತದ ಬೇರು ಮಣ್ಣಿನಿಂದ ನೀರು ಎಳೆಯಬೇಕಾದರೆ ಬೇರಿನ ಕೋಶದೊಳಗಿನ ರಸ ಮಣ್ಣಿನ ನೀರಿಗಿಂತ ಗಾಢವಾಗಿರಬೇಕು. ಮಣ್ಣಿನಲ್ಲಿ ಉಪ್ಪು ಏರಿದ ಹಾಗೆ ಆ ವ್ಯತ್ಯಾಸ ಕಡಿಮೆಯಾಗುತ್ತದೆ, ಬೇರಿಗೆ ನೀರು ಸಿಗುವುದು ಕಷ್ಟವಾಗುತ್ತದೆ. ಉಪ್ಪು ಇನ್ನೂ ಏರಿದರೆ ಬೇರಿನ ನೀರೇ ಹೊರಗೆ ಹೋಗಬಹುದು. ನೀರಿನ ನಡುವೆ ನಿಂತ ಪೈರು ಬಾಯಾರಿ ಸಾಯುತ್ತದೆ. ಆಮೇಲೆ ಉಪ್ಪಿನ ಸೋಡಿಯಂ ಎಲೆಯೊಳಗೆ ಸೇರಿ ವಿಷವಾಗುವುದು ಎರಡನೆಯ ಪೆಟ್ಟು.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇದೆ. ಅದು ಅಭಿಸರಣೆಯಿಂದ ಹುಟ್ಟಿಸಬಲ್ಲ ಒತ್ತಡ ವಾತಾವರಣದ ಒತ್ತಡದ 25 ಪಟ್ಟಿಗೂ ಹೆಚ್ಚು. ಭತ್ತ ಉಪ್ಪಿಗೆ ಬಹು ಬೇಗ ಸೋಲುವ ಬೆಳೆ. ಅದರಲ್ಲೂ ಸಸಿಯಾಗಿದ್ದಾಗ, ಹೂ ಬಿಡುವಾಗ ಅದಕ್ಕೆ ಉಪ್ಪು ತಡೆಯದು. ಕಡಲ ನೀರಿನ ಹತ್ತನೆಯ ಒಂದು ಪಾಲಿನಷ್ಟು ಉಪ್ಪೂ ಅದಕ್ಕೆ ಹೆಚ್ಚೇ.

ಇದು ತಿಳಿದ ಮೇಲೆ ಕಿಂಡಿ ಅಣೆಕಟ್ಟಿನ ಬೆಲೆ ಏನೆಂದು ಗೊತ್ತಾಗುತ್ತದೆ. ಮಳೆಗಾಲದಲ್ಲಿ ಕಿಂಡಿ ತೆರೆದು ನೆರೆನೀರು ಬಿಡುವುದು, ಮಳೆ ನಿಂತ ಮೇಲೆ ಹಲಗೆ ಹಾಕಿ ಮೇಲ್ಬದಿಯಲ್ಲಿ ಸಿಹಿನೀರು ನಿಲ್ಲಿಸಿ, ಕೆಳಗಿನ ಉಪ್ಪುನೀರು ಏರದಂತೆ ತಡೆಯುವುದು ಅದರ ಕೆಲಸ. ಹಲಗೆ ಹಾಕುವುದು ತಡವಾದರೆ, ಹಲಗೆಯಲ್ಲಿ ಸಂದಿ ಬಿಟ್ಟರೆ, ನುಗ್ಗಿದ ಉಪ್ಪು ಆ ವರ್ಷದ ಬೆಳೆಯನ್ನು ತೆಗೆದುಬಿಡುತ್ತದೆ. ಒಮ್ಮೆ ಉಪ್ಪು ಹೊಕ್ಕ ಗದ್ದೆಯನ್ನು ಸರಿಪಡಿಸಲು ಇರುವ ದಾರಿ ಸಿಹಿನೀರಿನಿಂದ ತೊಳೆಯುವುದು. ಮುಂಗಾರಿನ ಮೊದಲ ಮಳೆಗಳ ನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಕದಡಿ, ಇಳಿಸಿ ಬಿಡುವುದು ಹೊಳೆಸಾಲಿನ ಹಿರಿಯ ರೈತರಿಗೆ ಗೊತ್ತಿರುವ ಕ್ರಮ. ಅದು ಸರಿಯಾದ ಕ್ರಮ.

ಉಪ್ಪು ತಾಳುವ ಭತ್ತವೂ ಇದೆ. ಉತ್ತರ ಕನ್ನಡದ ಅಘನಾಶಿನಿಯ ಗಜನಿ ಗದ್ದೆಗಳ ಕಗ್ಗ ಭತ್ತ ಅದಕ್ಕೆ ಹೆಸರಾದದ್ದು. ಉಪ್ಪು ತಾಳುವ ಸಸ್ಯಗಳು ಸಾಮಾನ್ಯವಾಗಿ ಒಳಗೆ ಬಂದ ಉಪ್ಪನ್ನು ಕೋಶದ ನಡುವಿನ ರಸದಾನಿಯಲ್ಲಿ ಕೂಡಿಹಾಕುತ್ತವೆ. ಉಳಿದ ಕೋಶದ್ರವ್ಯದಲ್ಲಿ ಹಾನಿ ಮಾಡದ ಬೇರೆ ವಸ್ತುಗಳನ್ನು ತಯಾರಿಸಿ, ಒಳಗಿನ ರಸ ಹೊರಗಿನದಕ್ಕಿಂತ ಗಾಢವಾಗಿರುವಂತೆ ನೋಡಿಕೊಳ್ಳುತ್ತವೆ. ಹೀಗಾಗಿ ನೀರು ಒಳಮುಖವಾಗಿಯೇ ನಡೆಯುತ್ತದೆ. ಇಂಥ ನಾಡತಳಿಗಳ ಬೀಜ ಒಮ್ಮೆ ಕೈಬಿಟ್ಟರೆ ತಲೆಮಾರುಗಳು ಆರಿಸಿ ಉಳಿಸಿದ ಗುಣವೂ ಕೈಬಿಡುತ್ತದೆ. ಬ್ರಹ್ಮಾವರದಲ್ಲಿ ನಮ್ಮದೇ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಇದೆ. ಕರಾವಳಿಯ ಮಣ್ಣು, ನೀರು ಅರಿತ ವಿಜ್ಞಾನಿಗಳು ಅಲ್ಲಿದ್ದಾರೆ. ಗದ್ದೆಯ ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಿ, ಅವರ ಸಲಹೆ ಕೇಳಿ ತಳಿ ಆರಿಸುವುದು ಜಾಣತನ.

ಗೊಬ್ಬರದ ವಿಷಯದಲ್ಲೂ ಇದೇ ನಿಯಮ. ಯೂರಿಯಾದಂಥ ಗೊಬ್ಬರವನ್ನು ಬುಡಕ್ಕೇ ರಾಶಿ ಹಾಕಿ, ಸಾಕಷ್ಟು ನೀರು ಕೊಡದಿದ್ದರೆ ಗಿಡ ಸುಟ್ಟಂತಾಗುತ್ತದೆ. ಬೇರಿನ ಹೊರಗೆ ಕರಗಿದ ಗೊಬ್ಬರ ಗಾಢವಾಗಿ ನಿಂತು ಬೇರಿನ ನೀರನ್ನು ಹೊರಗೆಳೆಯುತ್ತದೆ. ಸ್ವಲ್ಪ ಸ್ವಲ್ಪವಾಗಿ, ಬುಡದಿಂದ ದೂರಕ್ಕೆ, ಒದ್ದೆ ಮಣ್ಣಿಗೆ ಹಾಕಿ ಎಂದು ಕೃಷಿ ಇಲಾಖೆಯವರು ಹೇಳುವುದರ ಹಿಂದೆ ಇರುವುದು ಅಭಿಸರಣೆ.

ಭತ್ತ ಸೋಲುವ ನೀರಿನಲ್ಲೇ ಗೆದ್ದು ನಿಂತಿರುವುದು ಕಾಂಡ್ಲ. ಪಂಚಗಂಗಾವಳಿಯ ಕುದ್ರುಗಳ ಅಂಚಿನಲ್ಲಿ, ಉಪ್ಪಿನಕುದ್ರುವಿನ ಸುತ್ತಮುತ್ತ, ಸೀತಾನದಿಯ ಅಳಿವೆಯಲ್ಲಿ ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ಮುಳುಗೇಳುವ ಈ ಗಿಡಗಳ ಕೋಶಗಳು ಮಾಡುವ ಕೆಲಸ ಬೆರಗು ಹುಟ್ಟಿಸುತ್ತದೆ. ಕಾಂಡ್ಲದಲ್ಲಿ ಹಲವು ಜಾತಿ. ಉದ್ದುದ್ದ ಬಿಳಲುಬೇರು ಊರಿ ನಿಲ್ಲುವ ರೈಝೋಫೋರಾ ಜಾತಿ ಉಪ್ಪಿನ ಬಹುಪಾಲನ್ನು ಬೇರಿನ ಬಾಗಿಲಲ್ಲೇ ತಡೆದು ನೀರನ್ನಷ್ಟೇ ಒಳಗೆ ಬಿಡುತ್ತದೆ. ಕೆಸರಿನಿಂದ ಮೇಲಕ್ಕೆ ಮೊಳೆಗಳ ಹಾಗೆ ಉಸಿರುಬೇರು ಬಿಡುವ ಅವಿಸೀನಿಯಾ ಜಾತಿ ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಬಿಸಿಲು ಏರಿದ ಮೇಲೆ ಆ ಎಲೆಯನ್ನು ನೋಡಿದರೆ ಉಪ್ಪಿನ ಹರಳು ಕಾಣಿಸುತ್ತದೆ. ಎಲೆಗಳಿಂದ ನೀರು ಆವಿಯಾಗುವಾಗ ಹುಟ್ಟುವ ಸೆಳೆತ, ಕೋಶರಸದ ಗಾಢತೆ ಎರಡೂ ಸೇರಿ ಕಡಲ ನೀರಿನ ಅಷ್ಟು ದೊಡ್ಡ ಒತ್ತಡವನ್ನು ಮೀರುತ್ತವೆ.

ಕಾಂಡ್ಲದ ಬೇರಿನ ಸಂದಿಯಲ್ಲಿ ಸಿಗಡಿಯ ಮರಿ, ಮೀನಿನ ಮರಿ ಬೆಳೆಯುತ್ತವೆ. ಅವುಗಳ ಮೈಗೂ ಅಭಿಸರಣೆಯ ಸವಾಲು ತಪ್ಪಿದ್ದಲ್ಲ. ಕಡಲ ಮೀನಿನ ರಕ್ತದಲ್ಲಿರುವ ಲವಣ ಕಡಲ ನೀರಿನಲ್ಲಿರುವುದರ ಮೂರರಲ್ಲಿ ಒಂದು ಪಾಲಿನಷ್ಟು. ಅದರ ಮೈಯ ನೀರು ಸದಾ ಹೊರಗೆ ಹೋಗುತ್ತಿರುತ್ತದೆ. ಅದಕ್ಕೆ ಅದು ಕಡಲ ನೀರನ್ನು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರದೂಡುತ್ತದೆ. ಹೊಳೆಯ ಮೀನಿನ ಮೈಯೊಳಗೆ ನೀರು ಸದಾ ಬರುತ್ತಿರುತ್ತದೆ. ಅದು ನೀರು ಕುಡಿಯದೆ, ತೆಳುವಾದ ಮೂತ್ರವನ್ನು ಧಾರಾಳ ಬಿಟ್ಟು, ಉಪ್ಪನ್ನು ಕಿವಿರಿನಿಂದ ಒಳಗೆ ಸೆಳೆದುಕೊಳ್ಳುತ್ತದೆ. ಅಳಿವೆಯ ಮೀನು ಭರತಕ್ಕೆ ಒಂದು ರೀತಿ, ಇಳಿತಕ್ಕೆ ಒಂದು ರೀತಿ ನಡೆದುಕೊಳ್ಳಬೇಕು. ಈ ಶಕ್ತಿ ಎಲ್ಲ ಮೀನಿಗೂ ಇಲ್ಲ. ಅಳಿವೆಯನ್ನು ಮುಚ್ಚಿದರೆ, ಕಾಂಡ್ಲ ಕಡಿದರೆ, ಹೊಳೆಯ ಸಿಹಿನೀರು ಕಡಿಮೆಯಾದರೆ, ನಾಳೆ ಗಂಗೊಳ್ಳಿಯ ಬಲೆಗೆ ಬೀಳಬೇಕಾದ ಮೀನಿನ ಮರಿಗಳೇ ಬೆಳೆಯುವುದಿಲ್ಲ. ಅರಣ್ಯ ಇಲಾಖೆ ಪಂಚಗಂಗಾವಳಿಯ ಬದಿಯಲ್ಲಿ ಕಾಂಡ್ಲ ಗಿಡ ನೆಡಿಸಿರುವುದು ಮೀನುಗಾರರ ಹೊಟ್ಟೆಪಾಡಿಗೂ ಮಾಡಿದ ಕೆಲಸ.

ಕೊನೆಗೆ ಮನುಷ್ಯನ ಮೈ. ನಮ್ಮ ರಕ್ತದ ನೀರಿಗೂ ರಕ್ತಕಣದ ಒಳಗಿನ ರಸಕ್ಕೂ ಗಾಢತೆ ಸಮನಾಗಿದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುವುದು ಆ ಸಮ ಕಾಯುವುದಕ್ಕೆ. ಬರಿಯ ನೀರನ್ನು ನಾಳಕ್ಕೆ ಬಿಟ್ಟರೆ ರಕ್ತಕಣಗಳ ಒಳಗೆ ನೀರು ನುಗ್ಗಿ ಅವು ಒಡೆಯುತ್ತವೆ. ಅವಕ್ಕೆ ಸಸ್ಯದ ಹಾಗೆ ಗಟ್ಟಿ ಭಿತ್ತಿ ಇಲ್ಲ. ಉಪ್ಪು ಹೆಚ್ಚಾದರೆ ಅವು ಮುರುಟುತ್ತವೆ. ಕಡಲಿಗೆ ಹೋದ ಮೀನುಗಾರರು ಎಷ್ಟೇ ಬಾಯಾರಿದರೂ ಕಡಲ ನೀರು ಕುಡಿಯಬಾರದು ಎನ್ನುವುದೂ ಇದಕ್ಕೇ. ಆ ಉಪ್ಪನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುತ್ತದೆ. ಕುಡಿದಷ್ಟೂ ಮೈ ಒಣಗುತ್ತದೆ.

ಮಕ್ಕಳಿಗೆ ವಾಂತಿ ಭೇದಿಯಾದಾಗ ಮೈಯ ನೀರು, ಉಪ್ಪು ಎರಡೂ ಹೋಗುತ್ತವೆ. ಆಗ ಕೊಡುವ ಓಆರ್‌ಎಸ್ ಅಭಿಸರಣೆಯ ತಿಳಿವಳಿಕೆಯಿಂದ ಮನುಷ್ಯ ಪಡೆದ ಬಹು ದೊಡ್ಡ ಲಾಭ. ಕರುಳಿನ ಕೋಶಗಳು ಗ್ಲೂಕೋಸನ್ನು ಒಳಗೆ ತೆಗೆದುಕೊಳ್ಳುವಾಗ ಜೊತೆಗೆ ಸೋಡಿಯಂ ಅನ್ನೂ ತೆಗೆದುಕೊಳ್ಳುತ್ತವೆ. ಇವೆರಡೂ ಒಳಗೆ ಹೋದ ಕಡೆಗೆ ನೀರು ತಾನಾಗಿ ನಡೆಯುತ್ತದೆ. ಭೇದಿಯ ಹೊತ್ತಿನಲ್ಲೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ತುತ್ತಾದಾಗ, ಡಾ. ದಿಲೀಪ್ ಮಹಾಲನಬಿಸ್ ಸಲೈನ್ ಮುಗಿದ ಸ್ಥಿತಿಯಲ್ಲಿ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು.

ಆದರೆ ಪ್ರಮಾಣ ಸರಿ ಇರಬೇಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೊಟ್ಟಣ ಪೂರ್ತಿ ಹಾಕಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆ ಹೆಚ್ಚಾದರೆ ಕರುಳಿನೊಳಗಿನ ದ್ರವ ಗಾಢವಾಗಿ, ಮೈಯ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಬಾಟಲಿಯ ಸಿಹಿ ಪಾನೀಯಗಳನ್ನು ಭೇದಿಯಾದ ಮಗುವಿಗೆ ಕೊಡಬಾರದು ಎನ್ನುವುದು ಇದಕ್ಕಾಗಿ. ನಮ್ಮ ಕುಚ್ಚಲಕ್ಕಿ ಗಂಜಿಯ ತಿಳಿಗೆ ಹದವಾಗಿ ಉಪ್ಪು ಹಾಕಿ ಕುಡಿಸುವ ಪದ್ಧತಿ ಈ ವಿಜ್ಞಾನಕ್ಕೆ ಹೊಂದುತ್ತದೆ. ಅನ್ನದ ಪಿಷ್ಟ ಕರುಳಿನಲ್ಲಿ ಮೆಲ್ಲಗೆ ಗ್ಲೂಕೋಸ್ ಆಗುತ್ತದೆ, ಉಪ್ಪಿನ ಜೊತೆ ಸೇರಿ ನೀರನ್ನು ಒಳಗೆ ಕರೆದುಕೊಳ್ಳುತ್ತದೆ.

ಮನೆಮನೆಗೂ ಬಂದಿರುವ ಆರ್‌ಒ ಯಂತ್ರ ಈ ಪದದ ಇನ್ನೊಂದು ಬಳಕೆ. ಅದು ಹಿಮ್ಮುಖ ಅಭಿಸರಣೆ. ಉಪ್ಪುನೀರಿನ ಕಡೆಯಿಂದ ಪಂಪಿನ ಬಲದಲ್ಲಿ ಒತ್ತಿ, ನೀರನ್ನು ಉಪ್ಪಿಲ್ಲದ ಬದಿಗೆ ದಾಟಿಸುತ್ತಾರೆ. ಸಹಜವಾದ ನಡಿಗೆಗೆ ಎದುರಾಗಿ ಒತ್ತಬೇಕಾದ್ದರಿಂದ ವಿದ್ಯುತ್ ಬೇಕು. ಒಂದಷ್ಟು ನೀರು ಉಪ್ಪು ಹೊತ್ತು ಹೊರಗೂ ಹೋಗುತ್ತದೆ. ಬಾವಿ ಸಿಹಿಯಾಗಿರುವ ಮನೆಗೆ ಆ ಯಂತ್ರದ ಅಗತ್ಯ ಇಲ್ಲ. ಉಪ್ಪಾದ ಬಾವಿಯ ಮನೆಗೆ ಅದು ಉಪಕಾರಿ.

ಶಾಲೆಯ ಉಪಾಧ್ಯಾಯರಿಗೆ ಎರಡು ಮಾತು. ನಮ್ಮ ಕೋಟದ ಶಿವರಾಮ ಕಾರಂತರು ಕಾದಂಬರಿ, ಯಕ್ಷಗಾನದಷ್ಟೇ ಶ್ರದ್ಧೆಯಿಂದ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡದಲ್ಲಿ ಕಟ್ಟಿಕೊಟ್ಟರು. ಅಂಥವರ ಊರಿನ ಮಕ್ಕಳು ಅಭಿಸರಣೆಯನ್ನು ಬಾಯಿಪಾಠದಲ್ಲಿ ಮುಗಿಸಬಾರದು. ಒಂದು ಹಸಿ ಬಟಾಟೆಯ ಸಿಪ್ಪೆ ತೆಗೆದು, ನಡುವೆ ಗುಳಿ ತೋಡಿ, ಸಕ್ಕರೆ ಹಾಕಿ, ನೀರಿನ ತಟ್ಟೆಯಲ್ಲಿ ಇಡಿಸಿ. ಕೆಲವು ಗಂಟೆಗಳಲ್ಲಿ ಗುಳಿಯಲ್ಲಿ ನೀರು ತುಂಬುತ್ತದೆ. ಬೇಯಿಸಿದ ಬಟಾಟೆಯಲ್ಲಿಯೂ ಹಾಗೆಯೇ ಮಾಡಿಸಿ. ಅಲ್ಲಿ ಹಾಗೆ ನೀರು ತುಂಬುವುದಿಲ್ಲ, ಬೆಂದಾಗ ಕೋಶದ ಪೊರೆ ಹಾಳಾಗಿರುತ್ತದೆ. ಪೊರೆ ಏಕೆ ಮುಖ್ಯ ಎಂದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ಇಲ್ಲ. ಅನುಕೂಲ ಇದ್ದರೆ ಅವರನ್ನು ಹೊಳೆಬದಿಗೆ ಕರೆದುಕೊಂಡು ಹೋಗಿ ಕಾಂಡ್ಲದ ಎಲೆಯ ಉಪ್ಪನ್ನು ಮುಟ್ಟಿಸಿ.

ಕೇಳುಗರೇ, ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ಕೆಲಸವನ್ನು ಊರವರೂ ಪಂಚಾಯತಿಯೂ ಸೇರಿ ಹೊತ್ತಿಗೆ ಸರಿಯಾಗಿ ಮಾಡಿಸಿ. ಉಪ್ಪು ಏರಿದ ಮೇಲೆ ಓಡಾಡಿ ಪ್ರಯೋಜನ ಇಲ್ಲ. ನಿಮ್ಮ ಜಾಗದ ಅಂಚಿನ ಕಾಂಡ್ಲವನ್ನು ಕಡಿಯಬೇಡಿ, ಕಡಿಯಲು ಬಿಡಬೇಡಿ. ಬೇಸಗೆಯಲ್ಲಿ ಬಾವಿಯ ನೀರನ್ನು ಹಿತಮಿತವಾಗಿ ಎತ್ತಿ, ಮಳೆಗಾಲದಲ್ಲಿ ಅಂಗಳದ ನೀರನ್ನು ಇಂಗಲು ಬಿಡಿ. ಪ್ರತಿ ಮನೆಯಲ್ಲೂ ಎರಡು ಪೊಟ್ಟಣ ಓಆರ್‌ಎಸ್ ಇರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಕೇಳಿದರೆ ಸಿಗುತ್ತದೆ. ಮಗುವಿಗೆ ಭೇದಿ ಶುರುವಾದ ಕೂಡಲೇ ಕುಡಿಸಲು ತೊಡಗಿ. ಮಗು ಕುಡಿಯದಿದ್ದರೆ, ಮಂಕಾದರೆ, ಮೂತ್ರ ನಿಂತರೆ, ತಡಮಾಡದೆ ವೈದ್ಯರ ಹತ್ತಿರ ಕರೆದೊಯ್ಯಿರಿ.